ಸೂಜಿ ಹಕ್ಕಿಯ ದನಿ

ನಮ್ಮನೆಯವರ ಕಿವಿಯನ್ನು ಎಲ್ಲರೂ ಹಾಡಿ ಹೊಗಳುತ್ತಿದ್ದಾಗ ನಾನೊಬ್ಬಳೇ ಆ ಕಿವಿಯ ಮೇಲೆ ಹಲ್ಲು ಮಸೆಯುತ್ತಿದ್ದೆ. ಎಲೆಗಳ ಮರೆಯಲ್ಲಿ ಕೂತ ಹಕ್ಕಿ ಒಂದು ಸಲ ಚಿಂವ್ ಎಂದರೆ ಸಾಕು, ಅದು ಯಾವುದು, ಹೆದರಿದೆಯೋ ಹಸಿದಿದೆಯೋ ಎಂದು ಹೇಳುವ ಮನುಷ್ಯ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದರು. "ಕೂತಲ್ಲೇ ಬೇರು ಬಿಟ್ರಾ? ಒಲೆ ಆರಿಸೋಕಾಗಲ್ವಾ?" ಎಂದು ನಾನು ಹಾರಾಡಿದರೆ, "ಯಾವಾಗ ಕೂಗ್ತು?" ಎಂದು ಏನೂ ಅರಿಯದವರ ಹಾಗೆ ಮುಖ ಮಾಡುತ್ತಿದ್ದರು. ನಾಟಕ ಎಂದುಕೊಂಡಿದ್ದೆ. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಅಡುಗೆಮನೆಯ ಸದ್ದು ಮಾತ್ರ ಕೇಳಿಸದ ಕಾಯಿಲೆ ಗಂಡಂದಿರಿಗೆ ಬರುವುದು ಲೋಕಕ್ಕೆಲ್ಲ ಗೊತ್ತಿರುವ ವಿಷಯವೇ.

ಇವರ ಕೆಲಸ ಬೇರೆಯವರ ಕಾಡು ನೋಡಿಕೊಳ್ಳುವುದು. ಸರ್ಕಾರದ ಕಾಡಲ್ಲ, ಖಾಸಗಿಯವರದು. ಹಿರಿಯರಿಂದ ಬಂದ ಒಂದು ಗುಡ್ಡವೋ ಹಳ್ಳದ ದಂಡೆಯೋ ಕೈಗೆ ಸಿಕ್ಕು, ಅದನ್ನೇನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಳ್ಳುವವರು ಇವರನ್ನು ಕರೆಯುತ್ತಾರೆ. ಅವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಬಸ್ಸು ಓಡಿಸುವವರು, ಇನ್ನೊಂದು ಕಡೆ ಒಬ್ಬರನ್ನು ಕಂಡರೆ ಒಬ್ಬರಿಗಾಗದ ಅಣ್ಣ ತಮ್ಮ. ಯಾವ ಮರ ಕಡಿಯಬೇಕು, ಯಾವುದನ್ನು ಬಿಡಬೇಕು, ಜಿಂಕೆಗಳು ಎಳೆ ಸಸಿ ಮೇಯದಂತೆ ಬೇಲಿ ಎಲ್ಲಿ ಹಾಕಬೇಕು, ಪೊಳ್ಳಾದ ಹಳೇ ಮರವನ್ನು ಗೂಬೆಗೆಂದು ಯಾಕೆ ಉಳಿಸಬೇಕು, ಇದನ್ನೆಲ್ಲ ಇವರು ಹೇಳುತ್ತಾರೆ. ಹೇಳಿ ಸುಮ್ಮನಿರುವುದಿಲ್ಲ, ಕೆಲಸದವರ ಜೊತೆ ನಿಂತು ಮಾಡಿಸುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಕೂತವಳು. ಇವರು ಸಂಜೆ ಬೂಟಿನ ಕೆಸರು, ಕಾಲರಿನ ಜೇಡರ ಬಲೆ, ಜೇಬಿನ ತುಂಬ ಬೀಜಗಳ ಸಮೇತ ಒಳಗೆ ಬಂದರೆ ನನ್ನ ಗಿರಾಕಿಗಳ ರವಿಕೆ ಬಟ್ಟೆಗಳನ್ನು ಮೊದಲು ಪಕ್ಕಕ್ಕೆ ಎತ್ತಿಡುತ್ತೇನೆ.

ಎಲ್ಲ ಕಾಡುಗಳಲ್ಲಿ ಇವರಿಗೆ ಜೀವವೆಂದರೆ ಬೇಕರಿ ತಂಗಿಯ ಕಾಡು. ಬೇಕರಿ ತಂಗಿ ನಮಗೆ ರಕ್ತಸಂಬಂಧವೇನಲ್ಲ. ಮಾರ್ಕೆಟ್ ರಸ್ತೆಯ ಮೂಲೆಯಲ್ಲಿ ಬೇಕರಿ ನಡೆಸುತ್ತಾಳೆ, ಇವರನ್ನು ಅಣ್ಣ ಅನ್ನುತ್ತಾಳೆ, ನನ್ನನ್ನು ಅತ್ತಿಗೆ ಅನ್ನುತ್ತಾಳೆ, ಅಷ್ಟಕ್ಕೇ ನಾವು ಕರಗಿಹೋಗಿದ್ದೇವೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವಳನ್ನು ಸಾಕಿದ್ದು ಅವಳ ಚಿಕ್ಕಮ್ಮ. ಆ ಚಿಕ್ಕಮ್ಮ ಬೋಳು ಗುಡ್ಡದಲ್ಲಿ ತಾವೇ ಗುಂಡಿ ತೋಡಿ, ನೀರು ಹೊತ್ತು ಕಾಡು ಬೆಳೆಸಿದವರು. ಮಕ್ಕಳಿಲ್ಲದ ಅವರು ಹೋಗುವಾಗ ಕಾಡನ್ನು ಇವಳ ಕೈಗೆ ಕೊಟ್ಟು ಹೋದರು. ಕೊಡುವಾಗ ಹೇಳಿದ್ದು ಒಂದೇ ಮಾತಂತೆ: "ಏನಾದ್ರೂ ಮಾಡ್ಕೋ, ಸೂಜಿ ಹಕ್ಕಿ ಓಡಿಹೋಗೋ ಹಾಗೆ ಮಾತ್ರ ಮಾಡ್ಬೇಡ."

ಸೂಜಿ ಹಕ್ಕಿ ಎಂಬುದು ಚಿಕ್ಕಮ್ಮನೇ ಇಟ್ಟ ಹೆಸರು. ಹೆಬ್ಬೆರಳಿನಷ್ಟು ಗಾತ್ರದ, ಮರದ ತೊಗಟೆಯ ಬಣ್ಣದ್ದೇ ಆದ ಹಕ್ಕಿ. ಮರದ ನೆತ್ತಿಯಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದು ಬಲು ಅಪರೂಪ. ಅದರ ದನಿ ಎಷ್ಟು ಸಣ್ಣ, ಎಷ್ಟು ಮೇಲಿನದು ಎಂದರೆ ಕಿವಿಯೊಳಗೆ ಸೂಜಿ ಆಡಿಸಿದ ಹಾಗಿರುತ್ತದಂತೆ. ನಾನು ಕೇಳಿರಲಿಲ್ಲ. ಅಷ್ಟು ಬೆಳಿಗ್ಗೆ ಎದ್ದು ಕಾಡಿಗೆ ಹೋಗಿ ಸೊಳ್ಳೆ ಕಚ್ಚಿಸಿಕೊಳ್ಳುವ ಹುಚ್ಚು ನನಗೆ ಇರಲಿಲ್ಲ.

ಚಿಕ್ಕಮ್ಮ ಪ್ರೀತಿಯಿಂದ ಸಸಿಗಳನ್ನು ಒತ್ತೊತ್ತಾಗಿ ನೆಟ್ಟುಬಿಟ್ಟಿದ್ದರು. ಅವು ಬೆಳೆದು ಒಂದರ ಮೇಲೊಂದು ಬಿದ್ದು, ಬಿಸಿಲಿಗಾಗಿ ಬಡಿದಾಡಿಕೊಂಡು ಸೊರಗತೊಡಗಿದ್ದವು. ಕೆಳಗೆ ನೆಲಕ್ಕೆ ಬೆಳಕೇ ಇಲ್ಲ, ಹೊಸ ಸಸಿ ಒಂದೂ ಏಳುತ್ತಿರಲಿಲ್ಲ. ಬಡಕಲು ಮರಗಳನ್ನು ತೆಗೆದು ಗಟ್ಟಿಯಾದವಕ್ಕೆ ಜಾಗ ಮಾಡಿಕೊಡೋಣ ಎಂದು ಇವರು ಹೇಳಿದಾಗ ಬೇಕರಿ ತಂಗಿ ಅತ್ತಿದ್ದಳು. ಚಿಕ್ಕಮ್ಮ ನೆಟ್ಟ ಮರಕ್ಕೆ ಕೊಡಲಿ ಹಾಕಲು ಯಾರಿಗೆ ತಾನೇ ಮನಸ್ಸು ಬಂದೀತು? ಹಕ್ಕಿಗೇನೂ ಆಗದು, ನನ್ನ ಮಾತು ನಂಬು ಎಂದು ಇವರು ಭರವಸೆ ಕೊಟ್ಟರು. ಅವಳು ನಂಬಿದಳು. ಇವರು ಒಂದೊಂದು ಮರದ ಬುಡದಲ್ಲೂ ನಿಂತು, ತಲೆಯೆತ್ತಿ ನೋಡಿ, ಸುತ್ತ ಬಂದು, ಅಂಗೈಯಿಂದ ತಟ್ಟಿ, ಬೇಕೋ ಬೇಡವೋ ಎಂದು ತೀರ್ಮಾನಿಸಿದರು. ಕಾಡಿನ ಒಂದು ಪಾಲು ಹೀಗೆ ತೆಳುವಾಯಿತು.

ಹಕ್ಕಿಗಳು ಗೂಡು ಕಟ್ಟುವ ಕಾಲ ಬಂದಾಗ ಇವರು ಎಣಿಕೆಗೆ ಹೋಗುತ್ತಾರೆ. ಅದಕ್ಕೊಂದು ಕ್ರಮವಿದೆ. ಕತ್ತಲು ಹರಿಯುವ ಹೊತ್ತಿಗೆ ಕಾಡಿನಲ್ಲಿ ಪ್ರತಿ ವರ್ಷ ನಿಲ್ಲುವ ಅದೇ ಜಾಗಗಳಲ್ಲಿ ನಿಲ್ಲಬೇಕು, ಕಣ್ಣು ಮುಚ್ಚಿಕೊಂಡು ಕೇಳಬೇಕು, ಕೇಳಿದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದ್ದಿರಬಹುದು, ಇರಬೇಕಿತ್ತು ಎಂಬುದಕ್ಕೆಲ್ಲ ಅಲ್ಲಿ ಜಾಗವಿಲ್ಲ. "ಕಾಡಲ್ಲಿ ಕಣ್ಣು ನಂಗೆ ಎಷ್ಟೋ ಸಲ ಕೈ ಕೊಟ್ಟಿದೆ, ಕಿವಿ ಒಂದು ಸಲಾನೂ ಕೈ ಕೊಟ್ಟಿಲ್ಲ" ಎಂದು ಇವರು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಆ ಕಾಡಲ್ಲಿ ಸೂಜಿ ಹಕ್ಕಿ ಕಡಿಮೆಯಾದಂತಿದೆ ಎಂದಿದ್ದರು. ಈ ವರ್ಷ ಎಣಿಕೆಯಿಂದ ಬಂದವರು ಬೂಟನ್ನೂ ಬಿಚ್ಚದೆ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಏನ್ರೀ, ಕಾಫಿ ತಣ್ಣಗಾಗ್ತಿದೆ."

"ಒಂದೂ ಇಲ್ಲ ಕಣೇ" ಎಂದರು.

ಮಾರನೇ ದಿನವೂ ಹೋದರು, ಅದರ ಮಾರನೇ ದಿನವೂ ಹೋದರು. ಗಾಳಿ ಇದ್ದಿರಬಹುದು, ಮೋಡ ಇದ್ದಿರಬಹುದು ಎಂದು ಸಮಾಧಾನ ಮಾಡಿಕೊಂಡು ಮತ್ತೆ ಹೋದರು. ಬರುವಾಗ ಒಂದೊಂದು ದಿನಕ್ಕೂ ಒಂದೊಂದು ವರ್ಷ ಮುದುಕರಾಗಿ ಬರುತ್ತಿದ್ದರು. ಕಾಡು ತೆಳು ಮಾಡಿದ ಜಾಗದಲ್ಲೂ ಇಲ್ಲ, ಮುಟ್ಟದ ಜಾಗದಲ್ಲೂ ಇಲ್ಲ. ಮರ ಬೀಳಿಸಿದ ಗಲಾಟೆಗೇ ಹೆದರಿ ಹೋಗಿವೆ, ನಾನೇ ಓಡಿಸಿದೆ ಎಂದು ಇವರು ತೀರ್ಮಾನಕ್ಕೆ ಬಂದರು. ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಹೋಗುತ್ತಿರಲಿಲ್ಲ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಹೆಬ್ಬೆರಳಿನಷ್ಟು ಗಾತ್ರದ ಹಕ್ಕಿ ಈ ಆಳನ್ನು ಹೀಗೆ ಮಲಗಿಸಿಬಿಡುವುದೇ!

"ಬೇಕರಿ ತಂಗಿಗೆ ಹೋಗಿ ಹೇಳ್ಬಿಡ್ತೀನಿ" ಎಂದರು ಒಂದು ಬೆಳಿಗ್ಗೆ. "ಆಮೇಲೆ ಉಳಿದವರಿಗೂ ಹೇಳಿ ಈ ಕೆಲಸ ಬಿಟ್ಬಿಡ್ತೀನಿ. ನನ್ನ ಮಾತು ನಂಬಿದವರ ಕಾಡು ಖಾಲಿ ಮಾಡೋದಕ್ಕೆ ನಾನ್ಯಾಕೆ ಬೇಕು?"

ಕೆಲಸ ಬಿಟ್ಟರೆ ಮನೆ ಹೇಗೋ ನಡೆದೀತು, ಆದರೆ ಈ ಮನುಷ್ಯ ನಡೆಯುವುದಿಲ್ಲ. ಕಾಡಿಲ್ಲದ ಇವರನ್ನು ಕುರ್ಚಿಯ ಮೇಲೆ ಕಲ್ಪಿಸಿಕೊಳ್ಳಲೂ ನನ್ನಿಂದ ಆಗಲಿಲ್ಲ. "ನಾನೂ ಬರ್ತೀನಿ" ಎಂದು ಹೊಲಿಯುತ್ತಿದ್ದ ಪ್ಯಾಂಟನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಬೇಕರಿಯ ಒಳಗಿನ ಕೋಣೆಯಲ್ಲಿ ಬೇಕರಿ ತಂಗಿ ಉದ್ದನೆಯ ಮೇಜಿನ ಮೇಲೆ ಹಿಟ್ಟು ನಾದುತ್ತಿದ್ದಳು. ಮೊಣಕೈವರೆಗೂ ಬಿಳಿ, ಹುಬ್ಬಿನ ಮೇಲೂ ಬಿಳಿ. ಗೋಡೆಗೆ ಒರಗಿಸಿದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಬ್ರೆಡ್ಡಿನ ತಟ್ಟೆಗಳು ಆರುತ್ತಿದ್ದವು. ಇವರು ಓವನ್ ಪಕ್ಕದಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು, ತಪ್ಪು ಮಾಡಿದ ಹುಡುಗನ ಹಾಗೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಹಕ್ಕಿ ಹೋಯಿತು, ನನ್ನಿಂದಲೇ ಹೋಯಿತು, ಚಿಕ್ಕಮ್ಮನ ಮಾತು ನಾನು ಕೆಡಿಸಿದೆ ಎಂದರು.

ಅವಳು ಹಿಟ್ಟಿನ ಕೈ ಹಾಗೇ ಎತ್ತಿಕೊಂಡು ನಿಂತಳು. "ಏನ್ ಹೇಳ್ತಿದೀಯಣ್ಣಾ? ಮೊನ್ನೆ ಭಾನುವಾರ ಹೋಗಿದ್ನಲ್ಲ, ಚಿಕ್ಕಮ್ಮನ ದೊಡ್ಡ ಮರದ ಹತ್ರ ಕೂಗ್ತಾ ಇತ್ತು."

"ನನ್ನ ಸಮಾಧಾನಕ್ಕೆ ಹೇಳ್ಬೇಡಮ್ಮ."

"ನಿನ್ನ ಸಮಾಧಾನ ಮಾಡೋಕೆ ನಾನ್ಯಾಕೆ ಸುಳ್ಳು ಹೇಳಲಿ? ನಿಜವಾಗ್ಲೂ ಕೇಳಿದೆ."

"ನೀನು ಕೇಳಿದ್ದು ಬೇರೆ ಯಾವುದೋ. ಅಷ್ಟು ದಿನ ನಿಂತು ಕೇಳಿದೀನಿ ನಾನು! ಅಲ್ಲಿ ಸೂಜಿ ಬಿದ್ರೂ ಕೇಳಿಸೋ ಅಷ್ಟು ನಿಶ್ಶಬ್ದ. ಮಕ್ಕಳಿಗೆ ಹೇಳೋ ಹಾಗೆ ಹೇಳಿ ನನ್ನ ಸಾಗಹಾಕ್ಬೇಡ!"

ಇವರು ದನಿ ಏರಿಸುವುದು ಅಪರೂಪ. ಬೇಕರಿ ತಂಗಿಯ ಕಣ್ಣು ತುಂಬಿತು. ಅಷ್ಟರಲ್ಲಿ ಓವನ್ನಿನ ಗಂಟೆ ಹೊಡೆಯಿತು. ಗಂಟೆ ಎಂದರೆ ಗಂಟೆಯಲ್ಲ, ಈಗಿನ ಯಂತ್ರಗಳಲ್ಲಿ ಇರುತ್ತದಲ್ಲ, ಪೀಂ ಪೀಂ ಪೀಂ ಎಂದು ತಲೆ ಸೀಳುವ ಹಾಗೆ ಕಿರುಚುವ ಸದ್ದು, ಅದು. ಇವರ ಮೊಣಕೈ ಪಕ್ಕದಲ್ಲೇ ಕಿರುಚುತ್ತಿತ್ತು. ಬೇಕರಿ ತಂಗಿಯೂ ನಾನೂ ಒಟ್ಟಿಗೇ ಅತ್ತ ತಿರುಗಿದೆವು. ಇವರು ತಿರುಗಲಿಲ್ಲ. ಮರ ಬೀಳಿಸುವಾಗ ಏನೇನು ಎಚ್ಚರಿಕೆ ತೆಗೆದುಕೊಂಡಿದ್ದೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಲೇ ಇದ್ದರು, ರೆಪ್ಪೆಯೂ ಅದುರಲಿಲ್ಲ.

ಕುಕ್ಕರ್ ನೆನಪಾಯಿತು. ನನ್ನ ಹೊಲಿಗೆ ಮೆಷಿನ್ ನೆನಪಾಯಿತು. ಮೊದಲೆಲ್ಲ ಅದರ ಚಕ್ರ ಚೂರು ಕೀರ್ ಎಂದರೂ ತಡೆಯಲಾರದೆ ಎಣ್ಣೆ ಡಬ್ಬಿ ಹಿಡಿದು ಓಡಿ ಬರುತ್ತಿದ್ದವರು ಇವರೇ. ಈಗ ಎಷ್ಟೋ ಕಾಲದಿಂದ ಅದು ಕಿರುಗುಟ್ಟುತ್ತಲೇ ಇದೆ, ಗಿರಾಕಿಗಳು ಹಲ್ಲು ಕಚ್ಚಿಕೊಳ್ಳುತ್ತಾರೆ, ಇವರು ಪಕ್ಕದಲ್ಲೇ ಕೂತು ನಿದ್ದೆ ಮಾಡುತ್ತಾರೆ. ನಾನು ಅದನ್ನೂ ಸೋಮಾರಿತನದ ಲೆಕ್ಕಕ್ಕೆ ಸೇರಿಸಿ ಬೈದಿದ್ದೆ. ಹರೆಯದಲ್ಲಿ ಇವರು ಕಿವಿಗೆ ಏನೂ ಕಟ್ಟಿಕೊಳ್ಳದೆ ಯಂತ್ರದ ಗರಗಸ ಹಿಡಿದು ದುಡಿದದ್ದೂ ನೆನಪಾಯಿತು. ನನ್ನ ಮಾತು ಕೇಳಿಸುತ್ತದೆ, ಬಾಗಿಲ ಸದ್ದು ಕೇಳಿಸುತ್ತದೆ, ಕಾಗೆ ಕೋಗಿಲೆ ಕೇಳಿಸುತ್ತದೆ. ಸಣ್ಣ ದನಿಗಳು ಮಾತ್ರ ಒಂದೊಂದಾಗಿ, ಇವರಿಗೇ ಹೇಳದೆ, ಎದ್ದು ಹೋಗಿವೆ.

ಬೇಕರಿ ತಂಗಿ ನನ್ನ ಮುಖ ನೋಡಿದಳು. ಅವಳಿಗೂ ತಿಳಿಯಿತು. ಏನೋ ಹೇಳಲು ಬಾಯಿ ತೆರೆದಳು, ನಾನು ಬೇಡವೆಂದು ತಲೆಯಾಡಿಸಿದೆ. ಇಲ್ಲಿ, ಓವನ್ ಮುಂದೆ ಹೇಳುವ ವಿಷಯವಲ್ಲ ಇದು.

"ನಾಳೆ ಬೆಳಿಗ್ಗೆ ಮೂರೂ ಜನ ಹೋಗೋಣ" ಎಂದೆ. "ಇಲ್ಲದಿದ್ರೆ ಇಲ್ಲ ಅಂತ ನಾವೂ ಒಪ್ಕೋತೀವಿ."

"ನೀನಾ? ಕಾಡಿಗಾ?" ಅಂಥ ದುಃಖದಲ್ಲೂ ಇವರಿಗೆ ನಗು ಬಂತು.

ಆ ಬೆಳಿಗ್ಗೆ ನನಗೆ ಮರೆಯುವುದಿಲ್ಲ. ಇಬ್ಬನಿಗೆ ಸೀರೆಯ ಅಂಚು ತೊಯ್ದು ಕಾಲಿಗೆ ಅಂಟುತ್ತಿತ್ತು. ಮುಟ್ಟದೆ ಬಿಟ್ಟ ಪಾಲು ಕತ್ತಲೆ ಕೋಣೆಯ ಹಾಗಿತ್ತು. ಅದನ್ನು ದಾಟಿ ತೆಳು ಮಾಡಿದ ಪಾಲಿಗೆ ಬಂದರೆ ನೆಲದ ಮೇಲೆಲ್ಲ ಬೆಳಕು. ಕಡಿದ ಬುಡಗಳ ಸುತ್ತ ಎಳೇ ಸಸಿಗಳು ಎದ್ದಿದ್ದವು. ಒಣಗಿ ಅರ್ಧ ಮುರಿದ ಒಂದು ಮರವನ್ನು ಹಾಗೇ ಬಿಟ್ಟಿದ್ದರು, ಅದರ ತುಂಬ ಮರಕುಟಿಗ ಕೊರೆದ ತೂತುಗಳು. ಇವರು ದಿನವೂ ಹೊತ್ತು ತರುವ ಕೆಸರಿನ ಹಿಂದೆ ಇಷ್ಟೆಲ್ಲ ಇದೆಯೆಂದು ಆವತ್ತೇ ನಾನು ಕಂಡದ್ದು. ಒಳಗೊಳಗೇ ಹೆಮ್ಮೆಯಾಯಿತು, ಹೇಳಲಿಲ್ಲ.

ಚಿಕ್ಕಮ್ಮನ ದೊಡ್ಡ ಮರದಿಂದ ಸ್ವಲ್ಪ ದೂರ ನಿಂತೆವು. ಇವರು ಎಂದಿನಂತೆ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ, ಇವರ ಮುಖವನ್ನೇ ನೋಡುತ್ತಿದ್ದೆ. ದೂರದಲ್ಲಿ ಕಾಡುಪಾರಿವಾಳ ಗುಟುರು ಹಾಕಿತು, ಇವರು ಸಣ್ಣಗೆ ತಲೆಯಾಡಿಸಿದರು. ಮತ್ತೊಂದು ಹಕ್ಕಿ ಗದರಿತು, ಅದಕ್ಕೂ ತಲೆಯಾಡಿಸಿದರು. ಆಮೇಲೆ ನಮ್ಮ ತಲೆಯ ಮೇಲೆ ಎಲ್ಲೋ, ನನ್ನ ಮೆಷಿನ್ನಿನ ಚಕ್ರ ಬಹಳ ದೂರದಲ್ಲಿ ತಿರುಗಿದ ಹಾಗೆ, ಸೀ ಸೀ ಸೀ ಎಂದು ಎಳೆ ಎಳೆಯಾಗಿ ದನಿ ಬಂತು. ಬೇಕರಿ ತಂಗಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಇವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ನೋಡಿದ್ಯಾ, ಇಲ್ಲ" ಎಂದು ಕಣ್ಣು ತೆರೆದರು.

"ರೀ," ಎಂದೆ, "ಈಗ ಕೂಗ್ತಾ ಇದೆ."

"ಯಾವುದು?"

"ಅದೇ. ಈಗ, ಈಗ್ಲೇ. ಆ ಕೊಂಬೆ ಕವಲಾಗುತ್ತಲ್ಲ, ಅಲ್ಲಿ ನೋಡಿ."

ಸುಳ್ಳು ಎನ್ನಲು ಹೊರಟವರು ನಮ್ಮಿಬ್ಬರ ಮುಖಗಳನ್ನೂ ನೋಡಿದರು. ಇಬ್ಬರೂ ಒಂದೇ ಕಡೆಗೆ ತಲೆಯೆತ್ತಿದ್ದೆವು, ಇಬ್ಬರ ಬೆರಳೂ ಒಂದೇ ಕೊಂಬೆಯನ್ನು ತೋರಿಸುತ್ತಿತ್ತು. ಇವರು ನಿಧಾನವಾಗಿ ದುರ್ಬೀನು ಎತ್ತಿಕೊಂಡರು. ಬಹಳ ಹೊತ್ತು ಹುಡುಕಿದರು. ಆಮೇಲೆ ಕೈ ನಿಂತಿತು.

ಆ ಕಾಡಲ್ಲಿ ಮೇಲೆ ಕೊಂಬೆಗಳು ಸಡಿಲಾಗಿದ್ದರಿಂದಲೇ ಅದು ಕಂಡದ್ದು, ಮೊದಲಿನ ದಟ್ಟಣೆಯಲ್ಲಿ ಕಾಣುತ್ತಲೇ ಇರಲಿಲ್ಲ ಎಂದು ಆಮೇಲೆ ಹೇಳಿದರು. ಆಗ ಇವರು ಕಂಡದ್ದು ಇಷ್ಟು: ಕೊಕ್ಕು ತೆರೆಯುತ್ತಿದೆ, ಪುಟ್ಟ ಗಂಟಲು ನಡುಗುತ್ತಿದೆ, ಮೈಯೆಲ್ಲ ಕುಲುಕಿಸಿಕೊಂಡು ಹಕ್ಕಿ ಹಾಡುತ್ತಿದೆ. ಸದ್ದು ಮಾತ್ರ ಇಲ್ಲ. ನಮಗೆ ಇಡೀ ಕಾಡು ಆ ದನಿಯಿಂದ ಕಂಪಿಸುತ್ತಿತ್ತು, ನಮ್ಮ ನಡುವೆ ನಿಂತ ಇವರಿಗೆ ಏನೂ ಇಲ್ಲ.

ದುರ್ಬೀನು ಇಳಿಸಿ, ತಾವೇ ಕಡಿಸಿದ ಒಂದು ಬುಡದ ಮೇಲೆ ಕುಸಿದು ಕೂತರು. ನಾನು ಓಡಿ ಹೋಗಿ ಮುಂದೆ ಕುಕ್ಕರಗಾಲಲ್ಲಿ ಕೂತೆ. ಏನು ಹೇಳಲಿ? ಬೆಳಗಾದರೆ ಹಕ್ಕಿಗಳ ದನಿಗಾಗಿ ಕಾಡಿಗೆ ಓಡುತ್ತಿದ್ದ ಮನುಷ್ಯನಿಗೆ, ಹಕ್ಕಿ ಇದೆ, ನಿಮ್ಮ ಕಿವಿ ಇಲ್ಲ ಎಂದು ಯಾವ ಬಾಯಿಂದ ಹೇಳಲಿ? ಇವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ತಲೆಯೆತ್ತಿದಾಗ ಕಣ್ಣಲ್ಲಿ ನೀರು ಇದ್ದದ್ದು ನಿಜ, ಆದರೆ ಇವರು ನಗುತ್ತಿದ್ದರು.

"ಸದ್ಯ!" ಎಂದರು. "ಸದ್ಯ ಕಣೇ! ಹೋಗಿರೋದು ನನ್ನ ಕಿವಿ ತಾನೇ!"

ಬೇಕರಿ ತಂಗಿ ಅಲ್ಲೇ ನಿಂತು ಜೋರಾಗಿ ಅತ್ತುಬಿಟ್ಟಳು. ಹಕ್ಕಿ ಹೆದರಿ ಹಾರಿತು. "ಅದನ್ನ ನಾನು ಓಡಿಸ್ಲಿಲ್ಲ, ನೀನು ಓಡಿಸಿದೆ ನೋಡು" ಎಂದು ಇವರು ಅವಳನ್ನು ಛೇಡಿಸಿದರು. ಅವಳು ಅಳುತ್ತಲೇ ನಕ್ಕಳು. ನಾನು ಏನು ಮಾಡಿದೆನೋ ನನಗೇ ನೆನಪಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ತಗ್ಗಿನ ದನಿಗಳು ಚೆನ್ನಾಗಿಯೇ ಕೇಳುತ್ತವೆ, ಅಷ್ಟು ಮೇಲಿನವು ಯಂತ್ರ ಹಾಕಿದರೂ ಸರಿಯಾಗಿ ಬರಲಾರವು ಎಂದರು. "ಮನೆಯವರ ಮಾತು ಕೇಳ್ಸೋದಕ್ಕೇನೂ ತೊಂದರೆ ಇಲ್ಲ" ಎಂದು ಸೇರಿಸಿದರು. "ಅದಕ್ಕೂ ಏನಾದ್ರೂ ಔಷಧಿ ಇದ್ರೆ ಕೊಡಿ ಡಾಕ್ಟ್ರೇ" ಎಂದು ಈ ಮಹಾನುಭಾವರು ಕೇಳಿದರು. ಹೊರಗೆ ಬಂದ ಮೇಲೆ ಚೆನ್ನಾಗಿ ಮಂಗಳಾರತಿ ಮಾಡಿದೆ. ಆಮೇಲೆ ರಸ್ತೆಯಲ್ಲೇ ಇವರ ತೋಳು ಹಿಡಿದುಕೊಂಡು, ಕುಕ್ಕರ್ ವಿಷಯಕ್ಕೆ ಬೈದದ್ದೆಲ್ಲ ವಾಪಸು ತೆಗೆದುಕೊಂಡೆ. ಇವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ಆ ವಾರವೆಲ್ಲ ಕೂತು, ಕಾಡು ವಹಿಸಿದ ಪ್ರತಿಯೊಬ್ಬರಿಗೂ ಫೋನ್ ಮಾಡಿದರು. ಸಣ್ಣ ದನಿಯ ಹಕ್ಕಿಗಳ ವಿಷಯದಲ್ಲಿ ಇತ್ತೀಚೆಗೆ ನಾನು ಹೇಳಿದ್ದನ್ನು ನಂಬಬೇಡಿ, ಮತ್ತೆ ಎಣಿಸಿ ಹೇಳುತ್ತೇನೆ, ನಾನು ಬೇಡ ಎನಿಸಿದರೆ ಅದನ್ನೂ ಹೇಳಿ ಎಂದರು. ಬೇಡ ಎಂದವರು ಯಾರೂ ಇರಲಿಲ್ಲ. ಒಂದೇ ಕಾಡಿನ ಅಣ್ಣ ತಮ್ಮ ಮೊದಲ ಸಲ ಒಂದೇ ಮಾತು ಆಡಿದರು, ನೀವೇ ಇರಿ ಎಂದು. ಆ ಜನರಿಗೆ ನಾನು ಎಂದೆಂದಿಗೂ ಋಣಿ.

ಬೇಕರಿ ತಂಗಿ ಬಿಸಿ ಬನ್ನುಗಳ ಪೊಟ್ಟಣ ಹಿಡಿದು ಮನೆಗೇ ಬಂದಳು. ಉಳಿದ ಪಾಲನ್ನೂ ತೆಳು ಮಾಡಿಕೊಡಬೇಕೆಂದಳು. "ಎಣಿಕೆಗೆ ಮಾತ್ರ ಅತ್ತಿಗೇನ ಕರ್ಕೊಂಡು ಹೋಗಣ್ಣ" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದಳು. ಸೊಳ್ಳೆಗಳ ಬಗ್ಗೆ ನಾನು ಏನೋ ಗೊಣಗಿದೆ. ಗೊಣಗುತ್ತಲೇ ಬೂಟಿನ ಅಳತೆ ಕೊಟ್ಟೆ.

ಈಗ ನಮ್ಮ ಕ್ರಮ ಹೀಗಿದೆ. ಇಬ್ಬರೂ ಪಕ್ಕ ಪಕ್ಕ ನಿಂತು ಕಣ್ಣು ಮುಚ್ಚಿಕೊಳ್ಳುತ್ತೇವೆ. ತಗ್ಗಿನ ದನಿಗಳೆಲ್ಲ ಇವರವು, ಮೇಲಿನವು ನನ್ನವು. ಮಾತಾಡುವ ಹಾಗಿಲ್ಲ, ಆದ್ದರಿಂದ ಸೂಜಿ ಹಕ್ಕಿ ಕೂಗಿದರೆ ನಾನು ಇವರ ಮಣಿಕಟ್ಟಿನ ಮೇಲೆ ತೋರುಬೆರಳಿಂದ ತಟ್ಟುತ್ತೇನೆ. ಮೊದಲ ದಿನವೇ ಇವರು ಎಚ್ಚರಿಸಿದ್ದರು: "ನನ್ನ ಖುಷಿಗೆ ಅಂತ ಒಂದು ಜಾಸ್ತಿ ತಟ್ಬೇಡ, ಕೇಳಿಸಿದ್ರೆ ಮಾತ್ರ." ಒಂದು ಜಾಗದಲ್ಲಿ ಏನೂ ಕೇಳಿಸಲಿಲ್ಲ. ಇವರ ಮಣಿಕಟ್ಟು ನನ್ನ ಬೆರಳಿನಡಿ ಕಾಯುತ್ತಲೇ ಇತ್ತು. ತಟ್ಟಿಬಿಡಲು ನನ್ನ ಜೀವ ಎಷ್ಟು ಹಂಬಲಿಸಿತೋ ನನಗೇ ಗೊತ್ತು. ತಟ್ಟಲಿಲ್ಲ. ಕೊನೆಗೆ ಇವರು ಕಣ್ಣು ತೆರೆದು, ಸರಿ ಎಂದು ತಲೆಯಾಡಿಸಿ ಮುಂದಕ್ಕೆ ನಡೆದರು.

ಚಿಕ್ಕಮ್ಮನ ದೊಡ್ಡ ಮರದ ಹತ್ತಿರ ಬಂದಾಗ ಬಿಸಿಲು ಆಗಷ್ಟೇ ಹೊಸ ಸಸಿಗಳ ಮೇಲೆ ಬಿದ್ದಿತ್ತು. ಸೀ ಸೀ ಸೀ ಎಂದಿತು. ತಟ್ಟಿದೆ. ಅದಕ್ಕೆ ಉತ್ತರವಾಗಿ ತೆಳು ಮಾಡಿದ ಪಾಲಿನ ನಟ್ಟನಡುವಿಂದ ಇನ್ನೊಂದು ದನಿ ಎದ್ದಿತು. ಮತ್ತೆ ತಟ್ಟಿದೆ. ಇದು ಕರೆಯುವುದು, ಅದು ಓಗೊಡುವುದು, ನನ್ನ ಬೆರಳಿಗೆ ಪುರುಸೊತ್ತೇ ಇಲ್ಲ.

"ಎರಡಾ?" ಎಂದು ಇವರು ಉಸಿರಲ್ಲೇ ಕೇಳಿದರು.

ಹೌದೆಂದು ಮಣಿಕಟ್ಟನ್ನು ಒತ್ತಿದೆ. ಎಣಿಕೆ ಅಲ್ಲಿಗೆ ಮುಗಿದಿತ್ತು, ಮುಂದಿನ ಜಾಗಕ್ಕೆ ಹೊರಡಬೇಕಿತ್ತು. ನಾನು ಕೈ ತೆಗೆಯಲು ಹೋದೆ. ಇವರು ಕಣ್ಣು ಬಿಡದೆಯೇ ನನ್ನ ಕೈಯನ್ನು ಹಿಡಿದು ಮತ್ತೆ ತಮ್ಮ ಮಣಿಕಟ್ಟಿನ ಮೇಲೆ ಇಟ್ಟುಕೊಂಡರು.

"ಇರು," ಎಂದರು, "ಇನ್ನೊಂದು ಸ್ವಲ್ಪ ಹೊತ್ತು ಕೇಳ್ತೀನಿ."